ಯುಎಸ್‌ಬಿ ಪೋರ್ಟ್ ನಿಯಂತ್ರಣ

ಜಾಲಕ್ಕೆ ಜೋಡಿಸಿದ ಕಂಪ್ಯೂಟರುಗಳ ಯುಎಸ್‌ಬಿ ಪೋರ್ಟುಗಳಲ್ಲಿ ಯಾವ ಸಾಧನ ಕೆಲಸ ಮಾಡಬೇಕು, ಯಾರು ಏನನ್ನು ನಕಲಿಸಿಕೊಳ್ಳಬಹುದು ಎಂಬುದನ್ನು ಒಂದೇ ಕೇಂದ್ರದಿಂದ ನಿರ್ಧರಿಸುವ ಭದ್ರತಾ ವ್ಯವಸ್ಥೆ. ಯುಎಸ್‌ಬಿ ಮಾನಕ ಬಂದದ್ದು 1996ರಲ್ಲಿ. ಪೆನ್‌ಡ್ರೈವ್ ಬಳಕೆ ಹೆಚ್ಚಿದಂತೆ ಮಾಹಿತಿ ಸೋರಿಕೆ, ವೈರಸ್ ಹರಡುವಿಕೆ ಎರಡಕ್ಕೂ ಇದೇ ದಾರಿಯಾಯಿತು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಹಾನಿಕಾರಕ ತಂತ್ರಾಂಶ ಅಂತರ್ಜಾಲ ಸಂಪರ್ಕವಿಲ್ಲದ ಯಂತ್ರಗಳನ್ನೂ ಈ ಮಾರ್ಗದಿಂದ ತಲುಪಿತು.

ಒಂದೇ ಯಂತ್ರದಲ್ಲಾದರೆ ತಡೆ ಸುಲಭ: ವಿಂಡೋಸ್‌ನ ಸಂಯೋಜನೆಗಳನ್ನು ಇಡುವ ರಿಜಿಸ್ಟ್ರಿಯ ಯುಎಸ್‌ಬಿಸ್ಟೋರ್ ಕೀಲಿಯಲ್ಲಿ ‘ಸ್ಟಾರ್ಟ್’ ಮೌಲ್ಯವನ್ನು 3ರಿಂದ 4ಕ್ಕೆ ಬದಲಿಸಿದರೆ ಪೆನ್‌ಡ್ರೈವ್ ತೆರೆಯುವುದಿಲ್ಲ. ಕೀಬೋರ್ಡ್, ಮೌಸ್ ಎಂದಿನಂತೆ ನಡೆಯುತ್ತವೆ. ನೂರಾರು ಯಂತ್ರಗಳಿರುವ ಕಚೇರಿಗೆ ಇಷ್ಟು ಸಾಲದು. ಚೆನ್ನೈನ ಜೋಹೋ ಸಂಸ್ಥೆಯ ಮ್ಯಾನೇಜ್‌ಎಂಜಿನ್ ವಿಭಾಗ ರೂಪಿಸಿದ ಡಿವೈಸ್ ಕಂಟ್ರೋಲ್ ಪ್ಲಸ್‌ನಲ್ಲಿ ಪ್ರತಿ ಯಂತ್ರದಲ್ಲಿರುವ ಏಜೆಂಟ್ ತಂತ್ರಾಂಶ ನೀತಿಯನ್ನು ಜಾರಿಮಾಡುತ್ತದೆ. ನಂಬಿಕಸ್ಥ ಸಾಧನಗಳ ಪಟ್ಟಿ, ಓದಲಷ್ಟೇ ಅನುಮತಿ, ತಾತ್ಕಾಲಿಕ ಪ್ರವೇಶ, ಕಡತ ವರ್ಗಾವಣೆಯ ದಾಖಲೆ ಇದರ ಮುಖ್ಯ ಅಂಶಗಳು. ದಿನಬಳಕೆಯಲ್ಲಿ ಹೆಚ್ಚು ನೆರವಾಗುವುದು ತಾತ್ಕಾಲಿಕ ಪ್ರವೇಶ: ಅವಧಿ ಮುಗಿದೊಡನೆ ಅನುಮತಿ ತಾನಾಗಿ ರದ್ದಾಗುತ್ತದೆ.

2014ರಲ್ಲಿ ಭದ್ರತಾ ಸಂಶೋಧಕರಾದ ಕಾರ್ಸ್ಟನ್ ನೋಲ್, ಯಾಕೋಬ್ ಲೆಲ್ ಪ್ರದರ್ಶಿಸಿದ ಬ್ಯಾಡ್‌ಯುಎಸ್‌ಬಿ ದಾಳಿಯಲ್ಲಿ ಫರ್ಮ್‌ವೇರ್ (ಸಾಧನದೊಳಗಿನ ಮೂಲ ತಂತ್ರಾಂಶ) ತಿದ್ದಿದ ಪೆನ್‌ಡ್ರೈವ್ ತಾನು ಕೀಬೋರ್ಡ್ ಎಂದು ಕಂಪ್ಯೂಟರನ್ನು ನಂಬಿಸುತ್ತದೆ. ಹೀಗಾಗಿ ಶೇಖರಣಾ ಸಾಧನಗಳನ್ನಷ್ಟೇ ತಡೆಯುವ ನೀತಿ ಅಪೂರ್ಣ.