ಗೇರುಬೀಜದ ಹೊಗೆಯಲ್ಲಿ ಹೋದ ಹಣ

ಗುಡ್ಡದಲ್ಲಿ ಹೆಕ್ಕಿದ ಗೇರುಬೀಜವನ್ನು ಅಂಗಡಿಯಲ್ಲಿ ತೂಗಿ ಕೊಟ್ಟರೆ ನಮ್ಮ ಕೆಲಸ ಮುಗಿಯಿತು ಅಂತ ತಿಳಿಯುತ್ತೇವೆ. ಆದರೆ ಆ ಬೀಜ ಮಂಗಳೂರಿನ ಕಾರ್ಖಾನೆಯಲ್ಲಿ ಏನಾಗ್ತದೆ ಎಂಬುದಕ್ಕೂ ನಮಗೆ ಸಿಗುವ ಕ್ರಯಕ್ಕೂ ಸಂಬಂಧ ಉಂಟು. ಆ ಕತೆಯನ್ನು ಸ್ವಲ್ಪ ಕೇಳಿ.

ಗೇರು ಬ್ರೆಜಿಲ್ ದೇಶದ ಮರ. 16ನೆಯ ಶತಮಾನದಲ್ಲಿ ಪೋರ್ತುಗೀಸರು ಅದನ್ನು ನಮ್ಮ ಕರಾವಳಿಗೆ ತಂದರು. 20ನೆಯ ಶತಮಾನದ ಮೊದಲರ್ಧದಲ್ಲಿ ಮಂಗಳೂರಿನಲ್ಲಿ ಬೀಜದ ಕಾರ್ಖಾನೆಗಳು ಎದ್ದವು; ತಿರುಳು ಹಡಗು ಹತ್ತಿ ಪರದೇಶಕ್ಕೆ ಹೋಯಿತು.

ಹಿಂದೆ ಬೀಜವನ್ನು ಕಾದ ಕಬ್ಬಿಣದ ಡ್ರಮ್ಮಿಗೆ ಹಾಕಿ ತಿರುಗಿಸಿ ಹುರಿಯುತ್ತಿದ್ದರು. ಸಿಪ್ಪೆಯ ಎಣ್ಣೆಗೆ ಬೆಂಕಿ ಹತ್ತಿ, ಬೀಜ ಉರಿಯುತ್ತಲೇ ಹೊರಗೆ ಬೀಳುತ್ತಿತ್ತು. ಸುತ್ತಲಿನ ಮನೆಗಳಿಗೆಲ್ಲ ಕಪ್ಪು ಹೊಗೆ, ಕಣ್ಣುರಿ, ಕೆಮ್ಮು. ಬೀಜ ಒಡೆಯುವ ಹೆಂಗಸರು ಕೈಗೆ ಬೂದಿ ಹಚ್ಚಿಕೊಂಡರೂ ಚರ್ಮ ಸುಡುವುದು ತಪ್ಪುತ್ತಿರಲಿಲ್ಲ.

1974ರಲ್ಲಿ ನೀರಿನ ಮಾಲಿನ್ಯ ತಡೆಯುವ ಕಾನೂನು ಬಂತು; 1981ರಲ್ಲಿ ಗಾಳಿಯ ಮಾಲಿನ್ಯಕ್ಕೂ ಬಂತು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ಹೊಗೆಗೆ ಎತ್ತರದ ಚಿಮಿಣಿ ಬೇಕು. ಈ ಖರ್ಚನ್ನೆಲ್ಲ ನಮ್ಮ ಬೀಜದ ಕ್ರಯದಿಂದಲೇ ಮುರಿಯುತ್ತಾರಲ್ಲವೇ ಎಂದು ನೀವು ಕೇಳಬಹುದು. ಆ ಭಯ ಸುಳ್ಳಲ್ಲ. ದೊಡ್ಡ ಕಾರ್ಖಾನೆಯಲ್ಲಿ ಸಾವಿರ ಮೂಟೆಗೆ ಹಂಚಿ ಹೋಗುವ ಖರ್ಚು, ಚಿಕ್ಕದರಲ್ಲಿ ನೂರು ಮೂಟೆಯ ಮೇಲೆ ಬೀಳ್ತದೆ. ಚಿಕ್ಕವರು ಬಾಗಿಲು ಹಾಕಿದರೆ ಕೊಳ್ಳುವವರೂ ಕಡಮೆಯಾಗುತ್ತಾರೆ.

ಆದರೆ ಲೆಕ್ಕದ ಇನ್ನೊಂದು ಪುಟ ತಿರುವಿ ನೋಡಿ. ಕಾರ್ಖಾನೆಗಳು ಬರಬರುತ್ತ ಬೀಜವನ್ನು ಉಗಿಯಲ್ಲಿ ಬೇಯಿಸಿ ಕತ್ತರಿಸುವ ಕ್ರಮಕ್ಕೆ ಬಂದವು. ಇದಕ್ಕೆ ಕಾನೂನೊಂದೇ ಕಾರಣವಲ್ಲ; ತಿರುಳು ಬೆಳ್ಳಗೆ ಬರ್ತದೆ, ಕೆಲಸವೂ ಹಗುರ. 100 ಕಿಲೋ ಬೀಜದಲ್ಲಿ ತಿರುಳು ಸುಮಾರು 25 ಕಿಲೋ, ಸಿಪ್ಪೆ ಸುಮಾರು 70 ಕಿಲೋ. ಆ ಸಿಪ್ಪೆಯಲ್ಲಿ ಕಾಲು ಭಾಗದಷ್ಟು ಎಣ್ಣೆ! ಬಣ್ಣ, ವಾರ್ನಿಷು, ಮೋಟಾರಿನ ಬ್ರೇಕು, ಎಲ್ಲಕ್ಕೂ ಅದು ಬೇಕು. ಎಣ್ಣೆ ತೆಗೆದ ಹಿಂಡಿ ಒಲೆಗೆ ಆಗ್ತದೆ. ಡ್ರಮ್ಮಿನ ಕಾಲದಲ್ಲಿ ಈ ಎಣ್ಣೆಯ ಬಹುಪಾಲು ಉರಿದು ಹೊಗೆಯಾಗಿ ಹೋಗುತ್ತಿತ್ತು. ಊರವರ ಕಣ್ಣು ಉರಿಸಿದ್ದು ಹಣವೇ!

ಹಾಗಾದರೆ ನಮ್ಮ ಪಾಲಿನ ಕೆಲಸವೇನು? ಬೀಜವನ್ನು ಎರಡು ಮೂರು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಗೋಣಿಯಲ್ಲಿ ತುಂಬಿ. ಹಸಿ ಬೀಜಕ್ಕೆ ಬೂಷ್ಟು ಹಿಡಿದರೆ ಯಾವ ಯಂತ್ರವೂ ತಿರುಳನ್ನು ಉಳಿಸಲಾರದು. ಒಬ್ಬೊಬ್ಬರೇ ಮಾರುವ ಬದಲು ನಾಲ್ಕು ಮನೆಯವರು ಕೂಡಿ ಮಾರಿ. ಕ್ರಯ ಮಾತಾಡುವಾಗ ನೆನಪಿರಲಿ: ನಾವು ಕೊಡುವುದು ಬರೇ ತಿರುಳನ್ನಲ್ಲ, ಸಿಪ್ಪೆಯನ್ನೂ ಕೊಡುತ್ತೇವೆ.