ಭಾನುವಾರದ ಸೈಕಲ್ಲು

ನಾನು ಸೈಕಲ್ ಕಲಿತದ್ದು ಬಾಗಳಿಯಲ್ಲಿ, ಕಲ್ಲೇಶ್ವರ ಗುಡಿಯ ಹಾದಿಯಲ್ಲಿ. ಚಾಲುಕ್ಯರ ಕಾಲದ ಕಂಬ ನೋಡೋಕೆ ಯಾವಾಗಲೋ ಒಂದು ಕಾರು ಬಂದರೆ ಅದೇ ನಮ್ಮ ಟ್ರಾಫಿಕ್ಕು. ಅಪ್ಪನ ಅಟ್ಲಾಸ್ ನನಗಿಂತ ಎತ್ತರ. ಮೊದಲು ಒಳಪೆಡಲ್, ಆಮೇಲೆ ಬಾರು, ಕೊನೆಗೆ ಸೀಟು. ಇದು ಎಲ್ಲರ ಸಿಲೆಬಸ್ಸು. ಪಿಯುಸಿಗೆ ಹರಪನಹಳ್ಳಿಗೂ ಅದರಲ್ಲೇ ಹೋದೆ.

ಈಗ ಬೆಂಗಳೂರಲ್ಲಿ ಮನೆಯಿಂದ ಆಫೀಸಿಗೆ ಏಳು ಕಿಲೋಮೀಟರ್. ಕಾರಲ್ಲಿ ಐವತ್ತು ನಿಮಿಷ, ಸೈಕಲ್ಲಲ್ಲಿ ಅರ್ಧ ಗಂಟೆ. ಆದರೂ ಕಾರಲ್ಲೇ ಹೋಗ್ತೀನಿ. ಕಾರಣ ಸೋಮಾರಿತನ ಅಲ್ಲ, ಭಯ.

ಸೈಕಲ್ ಲೇನ್ ಅಂದ ಕೂಡಲೇ 'ಅದೆಲ್ಲ ಯುರೋಪಲ್ಲಿ ಸರಿ, ನಮ್ಮ ಊರಿಗಲ್ಲ' ಅನ್ನೋರು ಬಹಳ. ಆದರೆ ಬೆಂಗಳೂರೇ ಸೈಕಲ್ಲಿನ ಊರಾಗಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಶಿಫ್ಟ್ ಬಿಟ್ಟಾಗ ಗೇಟಿನಿಂದ ಹೊರಗೆ ಬರುತ್ತಿದ್ದದ್ದು ಸೈಕಲ್ಲುಗಳ ಹೊಳೆ. ಸೈಕಲ್ಲಿಗೆ ಮುನ್ಸಿಪಾಲಿಟಿಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪ ಇಲ್ಲದಿದ್ದರೆ, ಡಬಲ್ಸ್ ಹೊಡೆದರೆ ಪೊಲೀಸ್ ಹಿಡಿಯುತ್ತಿದ್ದ. ಹಳಬರು ಇದನ್ನ ನಗುತ್ತಾ ಹೇಳ್ತಾರೆ. ನನಗೆ ಅದರಲ್ಲಿ ಒಂದು ಮರ್ಯಾದೆ ಕಾಣಿಸುತ್ತೆ. ತೆರಿಗೆ, ದಂಡ ಎರಡೂ ಇತ್ತು ಅಂದರೆ ಸೈಕಲ್ಲನ್ನ ವಾಹನ ಅಂತ ಲೆಕ್ಕಕ್ಕೆ ಹಿಡಿದಿದ್ದರು.

ಆ ಲೆಕ್ಕದಿಂದ ಅದು ಬಿಟ್ಟುಹೋದದ್ದು ಒಂದೇ ದಿನದಲ್ಲಲ್ಲ. 1983ರ ಕೊನೆಗೆ ಮಾರುತಿ 800 ಬಂತು, ಲೂನಾ, ಸ್ಕೂಟರ್, ಬೈಕು ಹೆಚ್ಚಿದವು. ಯಾರಿಗೆ ತಾನೇ ಬೇಡ? ಅಪ್ಪ ಟಿವಿಎಸ್ ತಂದ ದಿನ ನಾನೂ ಕುಣಿದಿದ್ದೆ. ಆದರೆ ರಸ್ತೆಗಳೂ ಬದಲಾದವು. ಒನ್‌ವೇ ಅಂದರೆ ಕಾರಿನವನಿಗೆ ಎರಡು ನಿಮಿಷದ ಸುತ್ತು, ಸೈಕಲ್ಲಿನವನಿಗೆ ಅದು ಕಾಲಿನ ಬೆವರು. ಫ್ಲೈಓವರ್ ಅಂದರೆ ಏರು. ಸಿಗ್ನಲ್-ಫ್ರೀ ಕಾರಿಡಾರ್ ಅಂದರೆ ದಾಟೋಕೆ ಪುರುಸೊತ್ತೇ ಕೊಡದ ರಸ್ತೆ. 'ಸೈಕಲ್ ಬೇಡ' ಅಂತ ಯಾರೂ ಆರ್ಡರ್ ಹೊರಡಿಸಲಿಲ್ಲ. ಒಂದೊಂದೇ ಡಿಸೈನ್ ಅದನ್ನ ಹೇಳುತ್ತಾ ಹೋಯಿತು.

ಅದೇ ಹೊತ್ತಿಗೆ ಹಳ್ಳಿಯಲ್ಲಿ ಉಲ್ಟಾ ಕಥೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಡೋಕೆ ಶುರುಮಾಡಿತು. ಮುಂದೆ ಹುಡುಗರಿಗೂ ಸಿಕ್ಕಿತು. ನನ್ನ ತಂಗಿಗೂ ಒಂದು ಬಂತು. ಹೈಸ್ಕೂಲಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ರಜಾ ಅನ್ನೋ ಪರಿಸ್ಥಿತಿ ಒಂದೇ ವಾರದಲ್ಲಿ ಹೋಯ್ತು. ಹುಡುಗೀರು ನಾಲ್ಕೈದು ಜನ ಸಾಲಾಗಿ, ಊರಿನ ಗಂಡಸರು ನೋಡುತ್ತಿದ್ದಂತೆ ಹೋಗುತ್ತಿದ್ದರು. ಕೊರೊನಾ ಹೊತ್ತಿಗೆ ಆ ಯೋಜನೆ ನಿಂತಿತು. ಸೈಕಲ್ ಕೊಟ್ಟಿದ್ದಷ್ಟೇ ಅಲ್ಲ, ಹಳ್ಳಿ ರಸ್ತೆ ನಿಧಾನದ್ದು, ಅದಕ್ಕೇ ಅದು ನಡೆಯಿತು ಅಂತ ನನಗೆ ಹೊಳೆದದ್ದು ಬೆಂಗಳೂರಿಗೆ ಬಂದಮೇಲೆ.

ಬೆಂಗಳೂರು ಪ್ರಯತ್ನವೇ ಮಾಡಲಿಲ್ಲ ಅಂತಲ್ಲ. 2012ರ ಸುಮಾರಿಗೆ ಜಯನಗರದಲ್ಲಿ ಸೈಕಲ್ ಲೇನ್ ಮಾಡಿದರು. ಅದು ಚೆಂದದ ಪಾರ್ಕಿಂಗ್ ಜಾಗ ಆಯ್ತು. 2013ರ ಅಕ್ಟೋಬರಿನಲ್ಲಿ ಸೈಕಲ್ ಡೇ ಶುರುವಾಯ್ತು: ಭಾನುವಾರ ಬೆಳಿಗ್ಗೆ ಒಂದಷ್ಟು ರಸ್ತೆ ಮುಚ್ಚಿ, ಮಕ್ಕಳಿಗೆ ಹಬ್ಬ. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಕಂಬ ನೆಟ್ಟು ಪಾಪ್-ಅಪ್ ಲೇನ್ ಮಾಡಿದರು. ಮೆಟ್ರೋ ಕೆಲಸ ಬಂತು, ಲೇನ್ ಹೋಯಿತು. ಮೈಸೂರು 2017ರಲ್ಲಿ 450 ಸೈಕಲ್ಲುಗಳ 'ಟ್ರಿಣ್ ಟ್ರಿಣ್' ತಂದಿತು. ಬಾಡಿಗೆಗೆ ಸೈಕಲ್ ಸಿಗೋದು ಒಳ್ಳೇದೇ. ಆದರೆ ಅದನ್ನ ಓಡಿಸೋ ಜಾಗ ಬೇರೆ ಪ್ರಶ್ನೆ.

ತಮಾಷೆ ಏನಂದರೆ ನೆದರ್‌ಲ್ಯಾಂಡ್ಸ್ ಕಥೆಯಲ್ಲೂ ಭಾನುವಾರ ಬರುತ್ತೆ. ಅಲ್ಲಿನವರು ಹುಟ್ಟಿನಿಂದಲೇ ಸೈಕಲ್ ಪ್ರೇಮಿಗಳು ಅಂತ ನಾವು ನಂಬಿದ್ದೀವಿ. ಯುದ್ಧದ ನಂತರ ಅವರೂ ಕಾರಿನ ಹಿಂದೆ ಓಡಿದರು. 1971ರಲ್ಲಿ ಅಲ್ಲಿ ರಸ್ತೆ ಅಪಘಾತದಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ-ಅಮ್ಮಂದಿರು ರಸ್ತೆಗಿಳಿದರು. ಚಳವಳಿಯ ಹೆಸರೇ 'ಮಕ್ಕಳ ಕೊಲೆ ನಿಲ್ಲಿಸಿ'. 1973ರಲ್ಲಿ ಎಣ್ಣೆ ಬಿಕ್ಕಟ್ಟು ಬಂದಾಗ ಸರ್ಕಾರ ಕೆಲವು ಭಾನುವಾರ ಕಾರು ನಿಲ್ಲಿಸಿತು, ಖಾಲಿ ಹೈವೇಯಲ್ಲಿ ಜನ ಸೈಕಲ್ ಹೊಡೆದರು. ಆಮೇಲೆ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಒಂದೊಂದು ಒಳ್ಳೆ ಸೈಕಲ್ ರಸ್ತೆ ಕಟ್ಟಿ ನೋಡಿದರು. ಅಂಗಡಿಯವರು ಜಗಳಕ್ಕೆ ನಿಂತರು, ಸೈಕಲ್ಲಿಗರೂ ಅಷ್ಟೇನೂ ಹೆಚ್ಚಲಿಲ್ಲ. 80ರ ದಶಕದಲ್ಲಿ ಡೆಲ್ಫ್ಟ್ ಊರು ತುಂಡು ದಾರಿಗಳನ್ನ ಒಂದಕ್ಕೊಂದು ಸೇರಿಸಿ ಜಾಲ ಮಾಡಿತು. ಆಗ ಫಲ ಸಿಕ್ಕಿತು. ನಮ್ಮದು ಇನ್ನೂ ತುಂಡು ಲೇನಿನ ಹಂತ, ಭಾನುವಾರದ ಹಂತ.

ಹಿಂದಿನ ಕಂಪನಿಗೆ ಎರಡು ವಾರ ಸೈಕಲ್ಲಲ್ಲಿ ಹೋಗಿ ನೋಡಿದ್ದೆ. ಸ್ಟ್ಯಾಂಡ್ ಇರಲಿಲ್ಲ. ಸೆಕ್ಯುರಿಟಿಯವನು, ಅವನೂ ನಮ್ಮ ಕಡೆಯವನೇ, ಜನರೇಟರ್ ಪಕ್ಕ ನಿಲ್ಲಿಸೋಕೆ ಹೇಳಿದ. ಅಪ್ಪನಿಗೆ ಫೋನಲ್ಲಿ ಹೇಳಿದರೆ ಅವರಿಗೆ ಅರ್ಥವೇ ಆಗಲಿಲ್ಲ. 'ಕಾರ್ ಐತಲ್ಲೋ, ಇನ್ನೂ ಸೈಕಲ್ ಯಾಕ?' ಸೈಕಲ್ ಬಿಡೋದೇ ಅವರ ಪಾಲಿಗೆ ಉದ್ಧಾರ. ಅವರನ್ನ ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಮಗಳು ಈಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ, ನಿಂತ ಕಾರುಗಳ ಮಧ್ಯೆ ಸೈಕಲ್ ಕಲಿಯುತ್ತಿದ್ದಾಳೆ. ಅವಳಿಗೆ ಒಳಪೆಡಲ್ ಅಂದರೇನು ಗೊತ್ತಿಲ್ಲ, ಅವಳ ಅಳತೆಯದ್ದೇ ಸೈಕಲ್ ಇದೆ. ಸ್ಕೂಲು ಒಂದೂವರೆ ಕಿಲೋಮೀಟರ್. ಮೊನ್ನೆ ಈ ವರ್ಷದ ವ್ಯಾನ್ ಫೀಸ್ ಕಟ್ಟಿ ಬಂದೆ.