ತಲೆ ಬೋಳಿಸದ ಕೂದಲು ಕಸಿ

ತಲೆಯ ಹಿಂಭಾಗದ ಕೂದಲನ್ನು ಬುಡಸಮೇತ ತೆಗೆದು ಮುಂದಲೆ ಅಥವಾ ನೆತ್ತಿಯ ಬೋಳು ಜಾಗದಲ್ಲಿ ನೆಡುವ ಶಸ್ತ್ರಚಿಕಿತ್ಸೆಯ ಒಂದು ಬಗೆ. ಇಂದಿನ ಸಾಮಾನ್ಯ ಪದ್ಧತಿಯಲ್ಲಿ ಮೊದಲು ಮಷಿನ್ ಹಾಕಿ ಕೂದಲನ್ನು ಒಂದೆರಡು ಮಿಲಿಮೀಟರಿಗೆ ಇಳಿಸುತ್ತಾರೆ. ಈ ಬಗೆಯಲ್ಲಿ ಮಾತ್ರ ಉಳಿದ ಕೂದಲನ್ನು ಇದ್ದ ಉದ್ದಕ್ಕೇ ಬಿಟ್ಟು, ಬೇಕಾದ ಬುಡಗಳನ್ನಷ್ಟೇ ಆರಿಸಿ ತೆಗೆಯುತ್ತಾರೆ. ನಗರಗಳ ಕ್ಲಿನಿಕ್ಕುಗಳು ಇದನ್ನು ಹೊಚ್ಚಹೊಸ ಆವಿಷ್ಕಾರವೆಂದು ಜಾಹೀರಾತು ಕೊಡುತ್ತವೆ. ಚರಿತ್ರೆ ಬೇರೆಯೇ ಇದೆ. ಕೂದಲು ಕಸಿಯ ಮೊದಲ ಹಲವು ದಶಕಗಳಲ್ಲಿ ಇಡೀ ತಲೆ ಬೋಳಿಸುವ ಪ್ರಮೇಯವೇ ಇರಲಿಲ್ಲ. ಆ ರೂಢಿ ಬಲವಾದದ್ದು 2000ದ ಈಚೆಗೆ. ಅದನ್ನು ತಪ್ಪಿಸಲು ಹೊರಟವರು ಕಂಡುಕೊಂಡ ದಾರಿ ಇದು.

ಬೊಕ್ಕತಲೆಯ ಚಿಂತೆಯಂತೂ ಹಳೆಯದು. ಚರಕ, ಸುಶ್ರುತ ಸಂಹಿತೆಗಳು ಖಾಲಿತ್ಯ, ಇಂದ್ರಲುಪ್ತ ಎಂಬ ಹೆಸರುಗಳಲ್ಲಿ ಕೂದಲುದುರುವ ರೋಗಗಳನ್ನು ವರ್ಣಿಸಿ ಲೇಪ, ತೈಲ, ರಕ್ತಮೋಕ್ಷಣಗಳನ್ನು ಹೇಳುತ್ತವೆ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವನ್ನು ಬರೆದಿಟ್ಟ ಸುಶ್ರುತ ಕೂದಲನ್ನು ಕಿತ್ತು ನೆಡುವ ಮಾತೆತ್ತಿಲ್ಲ. ಕೂದಲಿಲ್ಲದವರಿಗೆ ಬಹುಕಾಲ ಉಳಿದದ್ದು ಪೇಟ, ಟೋಪಿ, ಇಲ್ಲವೇ ಬೇರೆಯವರ ಕೂದಲು. ಕೃಷ್ಣ ಪಾರಿಜಾತ ಮತ್ತು ಕಂಪನಿ ನಾಟಕಗಳ ಸೀಮೆಯಾದ ಜಮಖಂಡಿ–ಮುಧೋಳದ ಕಡೆ ಬಣ್ಣ ಹಚ್ಚುವವರಿಗೆ ಟೋಪನ್ (ವಿಗ್) ಹೊಸದಲ್ಲ, ಹೆಂಗಸರಿಗೆ ಚವರಿಯೂ ಹೊಸದಲ್ಲ. ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಕೂದಲನ್ನು ಬಿಡಿಸಿ, ಬಾಚಿ, ಉದ್ದದ ಪ್ರಕಾರ ವಿಂಗಡಿಸಿ ಹೊರದೇಶಕ್ಕೆ ಕಳಿಸುವ ದೊಡ್ಡ ಉದ್ಯಮವೇ ಇದೆ. ಗುಡಿಗಳಲ್ಲಿ ಕೊಟ್ಟ ಮುಡಿ, ಹಳ್ಳಿಯ ಹೆಂಗಸರು ಬಾಚಣಿಗೆಯಿಂದ ಬಿಡಿಸಿ ಸುತ್ತಿಟ್ಟ ಕೂದಲಿನ ಉಂಡೆ ಎರಡೂ ಅಲ್ಲಿಗೆ ಸೇರುತ್ತವೆ.

ಕಸಿಯ ಪ್ರಯೋಗ ಆರಂಭವಾದದ್ದು ಯುರೋಪಿನಲ್ಲಿ. 1822ರಲ್ಲಿ ಜರ್ಮನಿಯ ಯೋಹಾನ್ ಫ್ರೀಡ್ರಿಕ್ ಡೀಫೆನ್‌ಬಾಖ್ ವ್ಯೂರ್ಟ್ಸ್‌ಬುರ್ಗಿನಲ್ಲಿ ಬರೆದ ಪ್ರಬಂಧದಲ್ಲಿ ಕೂದಲು, ಗರಿ, ಚರ್ಮಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನೆಟ್ಟ ವಿವರವಿದೆ. ತನ್ನ ತೋಳಿನಲ್ಲೇ ಕೂದಲು ನೆಟ್ಟುಕೊಂಡು ನೋಡಿದವನು ಆತ. ನಿಜವಾದ ಬುನಾದಿ ಬಿದ್ದದ್ದು ಜಪಾನಿನಲ್ಲಿ. 1939ರಲ್ಲಿ ಶೋಜಿ ಓಕುಡಾ ಸಣ್ಣ ಕೊಳವೆಯಂಥ ಪಂಚಿನಿಂದ ಕೂದಲಿರುವ ಚರ್ಮದ ಬಿಲ್ಲೆಗಳನ್ನು ತೆಗೆದು, ಸುಟ್ಟ ಗಾಯದ ಕಲೆಗಳಲ್ಲೂ ಹುಬ್ಬು, ಮೀಸೆಗಳಲ್ಲೂ ನೆಟ್ಟ ವರದಿ ಪ್ರಕಟಿಸಿದ. 1943ರಲ್ಲಿ ಹಾಜಿಮೆ ತಮುರಾ ಒಂದೊಂದೇ ಕೂದಲಿನ ಕಸಿ ಮಾಡಿ ತೋರಿಸಿದ. ಯುದ್ಧದ ಗದ್ದಲದಲ್ಲಿ ಜಪಾನೀ ಭಾಷೆಯ ಈ ಲೇಖನಗಳು ಹೊರಗೆ ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದಿದ್ದರೆ ಮುಂದೆ ದಶಕಗಟ್ಟಲೆ ನಡೆದ ಒರಟು ಕೆಲಸ ತಪ್ಪಬಹುದಿತ್ತು.

ಕುಷ್ಠರೋಗಕ್ಕೂ ಕೂದಲು ಕಸಿಗೂ ಇರುವ ನಂಟನ್ನು ಇಂದಿನ ಸೌಂದರ್ಯ ಚಿಕಿತ್ಸಾಲಯಗಳು ಮರೆತೇಬಿಟ್ಟಿವೆ. ಈ ರೋಗದಲ್ಲಿ ಹುಬ್ಬು ಉದುರುವುದುಂಟು. ಕಾಯಿಲೆ ವಾಸಿಯಾದರೂ ಹುಬ್ಬಿಲ್ಲದ ಮುಖ ನೋಡಿ ಜನ ದೂರ ಸರಿಯುತ್ತಿದ್ದರು. ಜಪಾನಿನಲ್ಲಿ ಫುಜಿತಾ ಎಂಬ ವೈದ್ಯ 1953ರಲ್ಲಿ ಇಂಥವರ ಹುಬ್ಬಿನ ಕಸಿಯ ಬಗ್ಗೆ ಬರೆದ. ನಮ್ಮಲ್ಲಿ ವೆಲ್ಲೂರಿನ ಪಾಲ್ ಬ್ರ್ಯಾಂಡ್, ಮುಂಬೈಯ ನೋಶಿರ್ ಆಂಟಿಯಾ ಮುಂತಾದ ಶಸ್ತ್ರವೈದ್ಯರು ತಲೆಯ ಕೂದಲುಳ್ಳ ಚರ್ಮವನ್ನು ತಂದು ಹುಬ್ಬು ಕಟ್ಟಿಕೊಟ್ಟರು. ಹೀಗೆ ಬಂದ ಹುಬ್ಬು ತಲೆಗೂದಲಿನಂತೆಯೇ ಉದ್ದ ಬೆಳೆಯುತ್ತದೆ, ಆಗಾಗ ಕತ್ತರಿಸುತ್ತಿರಬೇಕು.

ಇಡೀ ವಿದ್ಯೆ ನಿಂತಿರುವುದೇ ಈ ಗುಣದ ಮೇಲೆ: ಕೂದಲು ಎಲ್ಲಿಗೆ ಹೋದರೂ ತಾನು ಹುಟ್ಟಿದ ಜಾಗದ ಸ್ವಭಾವ ಬಿಡುವುದಿಲ್ಲ. ಗಂಡಸರ ಬೋಳಿಗೆ ಪುರುಷ ಹಾರ್ಮೋನು ಕಾರಣವೆಂದು ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದ್ದ. ಆ ಹಾರ್ಮೋನಿಗೆ ಮುಂದಲೆ, ನೆತ್ತಿಯ ಕೂದಲು ಸೊರಗುತ್ತದೆ, ಹಿಂದಲೆಯದು ಜಗ್ಗುವುದಿಲ್ಲ. ಹಿಂದಲೆಯ ಕೂದಲನ್ನು ಮುಂದೆ ನೆಟ್ಟರೆ ಅದು ಉಳಿಯುತ್ತದೆಂದು ನ್ಯೂಯಾರ್ಕಿನ ನಾರ್ಮನ್ ಓರೆನ್‌ಟ್ರೈಕ್ 1952ರಿಂದ ಮಾಡಿ ನೋಡಿ 1959ರಲ್ಲಿ ಪ್ರಕಟಿಸಿದ. ಅವನ ಪಂಚಿನ ಅಗಲ 4 ಮಿಲಿಮೀಟರ್. ಒಂದೊಂದು ಬಿಲ್ಲೆಯಲ್ಲೂ ಹತ್ತಾರು ಕೂದಲು ಒಟ್ಟಿಗೇ ಎದ್ದು, ನಡುವೆ ಖಾಲಿ ಚರ್ಮ ಕಾಣುತ್ತಿತ್ತು. ಗೊಂಬೆಯ ತಲೆಯಂತೆ ಎಂದು ಅಮೆರಿಕದವರೇ ಗೇಲಿ ಮಾಡಿದರು. ಆದರೂ ಹಿಂದಲೆಯಲ್ಲಿ ಬಿಲ್ಲೆ ತೆಗೆದಷ್ಟು ಜಾಗ ಮಾತ್ರ ಕತ್ತರಿಸಿದರೆ ಸಾಕಿತ್ತು, ಮೇಲಿನ ಕೂದಲು ಅದನ್ನು ಮುಚ್ಚುತ್ತಿತ್ತು.

1984ರಲ್ಲಿ ಹೆಡಿಂಗ್‌ಟನ್ ಎಂಬ ವೈದ್ಯ ಸೂಕ್ಷ್ಮದರ್ಶಕದಡಿ ತಲೆಯ ಚರ್ಮ ನೋಡಿ, ಕೂದಲು ಒಂದರಿಂದ ನಾಲ್ಕರ ಸಣ್ಣ ಗುಂಪುಗಳಾಗಿ ಹುಟ್ಟುತ್ತದೆಂದು ವಿವರಿಸಿದ. ಟೆಕ್ಸಾಸಿನ ಬಾಬಿ ಲಿಮ್ಮರ್ 1988ರಿಂದ ಹಿಂದಲೆಯಿಂದ ಉದ್ದನೆಯ ಚರ್ಮದ ಪಟ್ಟಿ ಕೊಯ್ದು, ಮೇಜಿನ ಮೇಲೆ ಸೂಕ್ಷ್ಮದರ್ಶಕವಿಟ್ಟು ಆ ಗುಂಪುಗಳನ್ನು ಬಿಡಿಬಿಡಿಯಾಗಿ ಸೀಳತೊಡಗಿದ. ಎಫ್‌ಯುಟಿ ಎಂದು ಕರೆಯುವ ಈ ವಿಧಾನ ಮೊದಲ ಬಾರಿಗೆ ನೈಜವಾಗಿ ಕಾಣುವ ಕೂದಲು ಕೊಟ್ಟಿತು. ಇಲ್ಲಿಯೂ ಕೊಯ್ಯುವ ಪಟ್ಟಿಯನ್ನಷ್ಟೇ ಬೋಳಿಸುತ್ತಿದ್ದರು. ಹೊಲಿಗೆ ಹಾಕಿದ ಮೇಲೆ ಸುತ್ತಲ ಕೂದಲು ಇಳಿಬಿಟ್ಟರೆ ಪಕ್ಕದಲ್ಲಿ ಕೂತವರಿಗೂ ತಿಳಿಯುತ್ತಿರಲಿಲ್ಲ. ಉಳಿಯುತ್ತಿದ್ದುದು ಕಿವಿಯಿಂದ ಕಿವಿಗೆ ಒಂದು ಗೆರೆಯ ಕಲೆ.

ಆ ಗೆರೆ ಬೇಡವೆಂದವರಿಗಾಗಿ ಎಫ್‌ಯುಇ ಎಂಬ ವಿಧಾನ ಬಂತು. 1988ರಲ್ಲಿ ಜಪಾನಿನ ಮಸುಮಿ ಇನಾಬಾ 1 ಮಿಲಿಮೀಟರ್ ಸೂಜಿಯಿಂದ ಬುಡಗಳನ್ನು ಒಂದೊಂದಾಗಿ ತೆಗೆದ. ಆಸ್ಟ್ರೇಲಿಯಾದ ರೇ ವುಡ್ಸ್ ಅದೇ ಹೊತ್ತಿಗೆ ಸ್ವತಂತ್ರವಾಗಿ ಈ ಕೆಲಸಕ್ಕಿಳಿದ. 2002ರಲ್ಲಿ ರಾಸ್‌ಮನ್, ಬರ್ನ್‌ಸ್ಟೈನ್ ಮತ್ತು ಸಂಗಡಿಗರು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಇದು ಜಗತ್ತಿಗೆ ಹಬ್ಬಿತು. ಹೊಲಿಗೆಯಿಲ್ಲ, ಗೆರೆಯಿಲ್ಲ. ಆದರೆ ಸಾವಿರಾರು ಬುಡಗಳನ್ನು ಹಿಂದಲೆಯ ಉದ್ದಗಲಕ್ಕೂ ಚೆದುರಿಸಿ ತೆಗೆಯಬೇಕು, ಪ್ರತಿ ಕೂದಲು ಯಾವ ಕೋನದಲ್ಲಿ ಚರ್ಮದಿಂದ ಏಳುತ್ತದೆಂದು ಕಣ್ಣಿಗೆ ಕಾಣಬೇಕು. ಹಾಗಾಗಿ ಮಷಿನ್ ಹಾಕಿಸುವುದು ಕಡ್ಡಾಯವೆಂಬಂತಾಯಿತು. 2011ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ, ಬುಡ ತೆಗೆಯುವ ಆರ್ಟಾಸ್ ರೋಬಾಟಿಗೂ ಮೋಟು ಕೂದಲೇ ಬೇಕಿತ್ತು.

ಕಲೆ ತಪ್ಪಿಸಿಕೊಂಡವರು ಈಗ ಬೋಳುತಲೆ ಹೊತ್ತು ತಿಂಗಳು ಕಳೆಯಬೇಕಾಯಿತು. ನಮ್ಮ ಕಡೆ ಇದು ಸಣ್ಣ ಸಂಗತಿಯಲ್ಲ. ಜಮಖಂಡಿ ಭಾಗದ ತುಬಚಿಯಂಥ ಊರಲ್ಲಿ ಬೋಳಿಸಿದ ತಲೆಗೆ ಅರ್ಥವಿದೆ. ಹರಕೆ ತೀರಿಸಿ ಮುಡಿ ಕೊಟ್ಟಿರಬೇಕು, ಇಲ್ಲವೇ ಕೆಲವು ಸಮುದಾಯಗಳಲ್ಲಿ ಮನೆಯ ಹಿರಿಯರು ತೀರಿಕೊಂಡಿರಬೇಕು. "ಯಾಕೋ ತಮ್ಮಾ, ತಿರುಪತಿಗಿ ಹೋಗಿದ್ದಿ ಏನ?" ಎಂದು ಚಹಾದಂಗಡಿಯಲ್ಲಿ ಕೇಳಿದರೆ ಉತ್ತರ ಕೊಡಲೇಬೇಕು. ಹೆಣ್ಣು ನೋಡಲು ಹೊರಟ ಹುಡುಗನಿಗೆ ಆ ಪ್ರಶ್ನೆ ಇನ್ನೂ ಕಷ್ಟ. ಉದ್ದ ಕೂದಲಿನ ಹೆಂಗಸರು ಬೋಳಿಸಿಕೊಳ್ಳಲು ಒಪ್ಪುವ ಮಾತೇ ಇಲ್ಲ. ಬೇರೆ ದೇಶಗಳಲ್ಲಿ ಕಚೇರಿಗೆ ಬೇಗ ಮರಳಬೇಕಾದವರು, ನಟರು ತಲೆ ಬೋಳಿಸದೆ ಕಸಿ ಮಾಡಬೇಕೆಂಬ ಬೇಡಿಕೆ ಇಟ್ಟರು.

ಪರಿಹಾರಗಳು ಹಂತಹಂತವಾಗಿ ಬಂದವು. ಮೊದಲನೆಯದು ಅರ್ಧ ರಾಜಿ: ಮೇಲಿನ ಕೂದಲನ್ನು ಎತ್ತಿ ಕಟ್ಟಿ, ಅದರಡಿಯಲ್ಲಿ ಕಿರಿದಾದ ಪಟ್ಟಿಗಳನ್ನು ಮಾತ್ರ ಬೋಳಿಸಿ ಅಲ್ಲಿಂದ ಬುಡ ತೆಗೆಯುವುದು. ಎರಡನೆಯದರಲ್ಲಿ ಬೇಕಾದ ಕೂದಲನ್ನು ಒಂದೊಂದಾಗಿ ಆರಿಸಿ ಸಣ್ಣ ಕತ್ತರಿಯಿಂದ ಮೋಟು ಮಾಡಿಕೊಂಡು, ಆಮೇಲೆ ಪಂಚ್ ಇಳಿಸುತ್ತಾರೆ. ದಕ್ಷಿಣ ಕೊರಿಯಾದ ಪಾರ್ಕ್ ಜೇ ಹ್ಯೂನ್ ಹೀಗೆ ಮೊದಲೇ ಕತ್ತರಿಸಿಕೊಳ್ಳುವುದನ್ನೂ ಬಿಟ್ಟು, ಪಂಚೇ ಕೂದಲನ್ನು ತುಂಡರಿಸಿ ಒಳಗಿಳಿಯುವ ನೇರ ವಿಧಾನವನ್ನು ಬಳಕೆಗೆ ತಂದ. ಎಲ್ಲಕ್ಕಿಂತ ನಾಜೂಕಿನದು ಉದ್ದ ಕೂದಲಿನ ಎಫ್‌ಯುಇ. ಅಂಚಿನಲ್ಲಿ ಕಚ್ಚುಗಳಿರುವ ವಿಶೇಷ ಪಂಚು ಕೂದಲನ್ನು ಕಡಿಯದೆ ಅದರ ಸುತ್ತಲ ಚರ್ಮವನ್ನಷ್ಟೇ ಸೀಳುತ್ತದೆ. ಬುಡ ತನ್ನ ಪೂರ್ತಿ ಉದ್ದದ ಕೂದಲಿನೊಂದಿಗೇ ಹೊರಬರುವುದರಿಂದ, ನೆಟ್ಟ ದಿನವೇ ಮುಂದಲೆ ಹೇಗೆ ಕಾಣಬಹುದೆಂಬ ಅಂದಾಜು ಸಿಗುತ್ತದೆ. ಈ ಸಂಭ್ರಮ ಕೆಲವೇ ವಾರಗಳದ್ದು. ನೆಟ್ಟ ಕೂದಲು ಯಾವ ವಿಧಾನದಲ್ಲಾದರೂ ಬಹುಪಾಲು ಉದುರಿ, ಮೂರು ನಾಲ್ಕು ತಿಂಗಳಿಗೆ ಬುಡದಿಂದ ಮತ್ತೆ ಚಿಗುರಿ, ಪೂರ್ತಿ ಫಲ ಕಾಣಲು ಒಂದು ವರ್ಷ ಹಿಡಿಯುತ್ತದೆ. ಜಾಹೀರಾತಿನ ಫೋಟೊಗಳು ಇದನ್ನು ಹೇಳುವುದಿಲ್ಲ.

ಕೆಲಸದ ಕಷ್ಟ ಹತ್ತಿರದಿಂದ ನೋಡಿದರೇ ತಿಳಿಯುವುದು. ರೋಗಿ ಬೋರಲು ಮಲಗಿರುತ್ತಾನೆ, ಹಿಂದಲೆಗೆ ಲಿಗ್ನೋಕೇನ್ ಚುಚ್ಚಿ ಮರಗಟ್ಟಿಸಿರುತ್ತಾರೆ. ಪಂಚಿನ ಬಾಯಿ ಹೆಚ್ಚೆಂದರೆ 1 ಮಿಲಿಮೀಟರ್. ಸಹಾಯಕಿ ಬಾಚಣಿಗೆಯಿಂದ ಕೂದಲು ಸರಿಸಿ ಹಿಡಿದಾಗ ವೈದ್ಯರು ಕನ್ನಡಕದ ಭೂತಗಾಜಿನಲ್ಲಿ ಒಂದು ಬುಡ ಹುಡುಕಬೇಕು. ರಕ್ತ ಒಸರಿ ಕೂದಲಿಗೆ ಅಂಟುತ್ತದೆ, ಪಂಚಿಗೆ ಸುತ್ತಿಕೊಳ್ಳುತ್ತದೆ. ಎದೆಮಟ್ಟ ಬೆಳೆದ ಕಬ್ಬಿನೊಳಗೆ ನಿಂತು ನೆಲದ ಗುಳಿ ಹುಡುಕುವ ಕೆಲಸವಿದು. ಕೋನ ಕೊಂಚ ತಪ್ಪಿದರೆ ಬುಡ ತುಂಡಾಗಿ ಆ ಕೂದಲು ಎರಡೂ ಕಡೆ ನಷ್ಟ. ನೆಡುವ ಜಾಗದಲ್ಲೂ ಇರುವ ಕೂದಲಿನ ನಡುವೆಯೇ ತೂತು ಮಾಡಬೇಕು. ಆದ್ದರಿಂದ ಒಂದು ದಿನದಲ್ಲಿ ತೆಗೆಯುವ ಬುಡಗಳು ಕಡಿಮೆ, ಹಿಡಿಯುವ ಹೊತ್ತು ಮತ್ತು ಬೀಳುವ ಖರ್ಚು ಹೆಚ್ಚು. ಅಗಲವಾಗಿ ಬೋಳಾದ ತಲೆಗೆ ಇದು ಸಲ್ಲದು. ಮುಂದಲೆ ತುಸು ಹಿಂದೆ ಸರಿದವರಿಗೆ, ಬೈತಲೆ ಅಗಲವಾದ ಹೆಂಗಸರಿಗೆ, ಹುಬ್ಬಿಗೆ, ಕಲೆ ಮುಚ್ಚುವುದಕ್ಕೆ ಇದು ತಕ್ಕ ವಿಧಾನ. ಫಲದ ಗುಣದಲ್ಲಿ ಬೋಳಿಸಿ ಮಾಡುವುದಕ್ಕಿಂತ ಇದು ಮೇಲಲ್ಲ, ಗುಟ್ಟು ಉಳಿಯುವುದೊಂದೇ ಲಾಭ.

ಭಾರತದಲ್ಲಿ ಈ ಚಿಕಿತ್ಸೆಗೆ ಶಿಸ್ತು ತರುವ ಯತ್ನದಲ್ಲಿ ಕರ್ನಾಟಕದ ಪಾಲಿದೆ. ಚರ್ಮವೈದ್ಯರ ರಾಷ್ಟ್ರೀಯ ಸಂಘ 2008ರಲ್ಲಿ ಪ್ರಕಟಿಸಿದ ಕೂದಲು ಕಸಿಯ ಮಾರ್ಗಸೂಚಿಯನ್ನು ಬರೆದವರು ನರೇಂದ್ರ ಪಟವರ್ಧನ್ ಮತ್ತು ಬೆಂಗಳೂರಿನ ವೆಂಕಟರಾಮ್ ಮೈಸೂರು. ಆದರೂ ಸಲೂನಿನ ಮಟ್ಟದ ಕೋಣೆಗಳಲ್ಲಿ ತಂತ್ರಜ್ಞರೇ ಪಂಚು ಹಿಡಿಯುವುದು ಬೆಳೆಯಿತು, ಸಾವುಗಳೂ ಆದವು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಶಸ್ತ್ರಚಿಕಿತ್ಸೆಯ ವಿಧಿವತ್ತಾದ ತರಬೇತಿಯುಳ್ಳ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು, ಕಾರ್ಯಾಗಾರದಲ್ಲಿ ಅಥವಾ ಯೂಟ್ಯೂಬಿನಲ್ಲಿ ನೋಡಿದ್ದು ತರಬೇತಿಯಲ್ಲ ಎಂದು ಸ್ಪಷ್ಟಪಡಿಸಿತು. ತೆರಿಗೆಯ ಕಣ್ಣಿನಲ್ಲಂತೂ ಬೋಳುತಲೆ ರೋಗವೇ ಅಲ್ಲ. ಉಳಿದ ಚಿಕಿತ್ಸೆಗಳಿಗಿರುವ ಜಿಎಸ್‌ಟಿ ವಿನಾಯಿತಿ ಕೂದಲು ಕಸಿಗಿಲ್ಲ, ಹುಟ್ಟಿನ ದೋಷ ಅಥವಾ ಗಾಯದಿಂದ ಆದ ನಷ್ಟ ಸರಿಪಡಿಸುವುದಾದರೆ ಮಾತ್ರ ಉಂಟು.

ತುಬಚಿ, ಜಮಖಂಡಿ ಭಾಗದವರು ದೊಡ್ಡ ಚಿಕಿತ್ಸೆಗೆ ಹಿಂದಿನಿಂದಲೂ ಮಿರಜ್, ಬೆಳಗಾವಿ, ವಿಜಯಪುರಗಳ ದಾರಿ ಹಿಡಿದವರು. ಕರ್ನಾಟಕದೊಳಗಿನ ಯಾವುದೇ ಖಾಸಗಿ ಕ್ಲಿನಿಕ್ಕು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು, ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು. ಮುಂಗಡ ಕಟ್ಟುವ ಮೊದಲು ಅದನ್ನು ನೋಡಿ, ಬುಡ ತೆಗೆಯುವವರು ಯಾರು, ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು ಎಂದು ಕೇಳಿಯೇ ಮುಂದುವರಿಯಬೇಕು.